ಶಿಕ್ಷೆ ಮುಗಿದ ಪರದೇಶಿ

1914ರ ಯುದ್ಧಕಾಲದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಬಂಧಿಸಲಾಯಿತು. ಹುಟ್ಟಿದ ನಾಡೇ ಅವರ ಮೇಲಿನ ಆರೋಪ. ಆ ನೋವನ್ನು ನಮ್ಮ ಸಭಾಚರಿತ್ರೆ ಮರೆತಿಲ್ಲ. 1946ರ ವಿದೇಶೀಯರ ಕಾಯ್ದೆಯ 14ನೆಯ ಕಲಮು ವೀಸಾ ಅವಧಿ ಮೀರಿದ ವಾಸವನ್ನೇ ಐದು ವರ್ಷಗಳವರೆಗಿನ ಸೆರೆವಾಸದ ಅಪರಾಧವೆಂದಿತು. ಗಡೀಪಾರನ್ನು ಅದೇ ಕಾಯ್ದೆ ಸರ್ಕಾರದ ಆಜ್ಞೆಗೆ ಬಿಟ್ಟಿತು. ಆದುದರಿಂದ ಶಿಕ್ಷೆ ಮುಗಿದ ಮೇಲೂ ವಿದೇಶೀಯನ ಬಂಧನ ಮುಗಿಯದಿರಬಹುದು. ರಾಜಾಜಿನಗರದಿಂದ ವಾಯುವ್ಯಕ್ಕೆ, ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಳೆಯ ವಿದ್ಯಾರ್ಥಿನಿಲಯವೊಂದು ಇಂಥವರ ಬಂಧನಕೇಂದ್ರವಾಗಿದೆ. ಸರ್ಕಾರ ಅದನ್ನು ಸೆರೆಮನೆಯೆನ್ನುವುದಿಲ್ಲ. ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುವವನಿಗಾದರೂ ಬಿಡುಗಡೆಯ ದಿನ ಗೊತ್ತಿರುತ್ತದೆ. 2025ರ ಹೊಸ ಕಾಯ್ದೆಯೂ ಈ ಜೋಡಣೆಯನ್ನು ಉಳಿಸಿಕೊಂಡಿದೆ. ಮತ್ತಾಯ 25ರಲ್ಲಿ ಪರದೇಶಿಯೂ ಸೆರೆಯಲ್ಲಿರುವವನೂ ಬೇರೆಬೇರೆ. ಸೊಂಡೆಕೊಪ್ಪದಲ್ಲಿ ಇಬ್ಬರೂ ಒಬ್ಬನೇ. ಸೆರೆಮನೆ ಸೇವೆಗೆ ಹೋಗುವ ನಮ್ಮ ವಿದ್ಯಾರ್ಥಿಗಳಿಗಾಗಿ ಅಲ್ಲಿ ಪ್ರವೇಶಾನುಮತಿಯನ್ನು ನಾವಿನ್ನೂ ಕೇಳಿಲ್ಲ.