ಒಂದೇ ಅಕ್ಷಾಂಶ, ಎರಡು ಆಕಾಶ: ಮಂಗಳೂರು ಮತ್ತು ಲಿಮಾ

ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ದೂರದಲ್ಲಿ ಮಂಗಳೂರಿದೆ. ದಕ್ಷಿಣಕ್ಕೆ 12 ಡಿಗ್ರಿ ದೂರದಲ್ಲಿ ಪೆರು ದೇಶದ ರಾಜಧಾನಿ ಲಿಮಾ ಇದೆ. ಎರಡಕ್ಕೂ ಪಶ್ಚಿಮದಲ್ಲಿ ಸಮುದ್ರ, ಪೂರ್ವದಲ್ಲಿ ಪರ್ವತಶ್ರೇಣಿ. ಭೂಪಟವನ್ನಷ್ಟೇ ನೋಡಿದವರು ಹವಾಮಾನವೂ ಒಂದೇ ತೆರನೆಂದು ಊಹಿಸಿದರೆ ಆಶ್ಚರ್ಯವಿಲ್ಲ. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಲಿಮಾದಲ್ಲಿ ಅದು ಸಾಮಾನ್ಯವಾಗಿ 20 ಮಿ.ಮೀ. ದಾಟುವುದಿಲ್ಲ. ಅಲ್ಲಿ ವರ್ಷವಿಡೀ ಬೀಳುವಷ್ಟು ನೀರನ್ನು ಇಲ್ಲಿನ ಆಷಾಢದ ಒಂದೇ ಜಡಿಮಳೆ ಸುರಿಸಿಬಿಡುತ್ತದೆ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಕಡಲೇ. ಜೂನ್ ತಿಂಗಳಲ್ಲಿ ಬೆಚ್ಚಗಿನ ಅರಬ್ಬೀ ಸಮುದ್ರದ ಮೇಲೆ ಹಾದುಬರುವ ನೈಋತ್ಯ ಮಾರುತ ತೇವಾಂಶವನ್ನು ಹೀರಿಕೊಂಡು ಪಶ್ಚಿಮಘಟ್ಟಕ್ಕೆ ಅಪ್ಪಳಿಸುತ್ತದೆ. ಲಿಮಾದ ಮುಂದೆ ಹರಿಯುವುದು ಹಂಬೋಲ್ಟ್ ಶೀತಪ್ರವಾಹ. ಆಳದಿಂದ ಮೇಲೇಳುವ ತಣ್ಣನೆಯ ನೀರು ಕೆಳಸ್ತರದ ಗಾಳಿಯನ್ನು ತಂಪಾಗಿಸುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಗಾಳಿ ಮೇಲೇರಲಾರದು, ಮಳೆಮೋಡ ಬೆಳೆಯಲಾರದು. ಅಮೆಜಾನ್ ಕಡೆಯ ತೇವಾಂಶವನ್ನು ಆಂಡಿಸ್ ಪರ್ವತಗಳೇ ತಡೆಯುತ್ತವೆ.

ಹಾಗೆಂದು ಲಿಮಾ ಬಿಸಿಲ ಬೇಗೆಯ ಮರುಭೂಮಿಯಲ್ಲ. ಫೆಬ್ರುವರಿಯ ಕಡುಬೇಸಿಗೆಯಲ್ಲೂ ಗರಿಷ್ಠ ಉಷ್ಣಾಂಶ 27 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಂಗಳೂರಿನಲ್ಲಿ ಮಳೆ ಭೋರ್ಗರೆಯುವ ತಿಂಗಳುಗಳಲ್ಲಿ ಲಿಮಾಕ್ಕೆ ಚಳಿಗಾಲ: 19 ಡಿಗ್ರಿ ಮೀರದ ಹಗಲು, ವಾರಗಟ್ಟಲೆ ಬೂದುಬಣ್ಣದ ಆಕಾಶ, ‘ಗರುವಾ’ ಎಂದು ಕರೆಯಲಾಗುವ ಮಂಜಿನ ತುಂತುರು. ಮಂಗಳೂರು ಹಂಚಿನ ಇಳಿಜಾರು ಮಾಡಿಗೆ ಹೆಸರಾದರೆ, ಲಿಮಾದ ಬಡಾವಣೆಗಳಲ್ಲಿ ಸಪಾಟು ಛಾವಣಿಗಳೇ ಹೆಚ್ಚು. ಇಳಿದುಹೋಗಲು ನೀರೆಲ್ಲಿದೆ?

ಸುಮಾರು ಒಂದು ಕೋಟಿ ಜನರ ಈ ನಗರ ಮುಖ್ಯವಾಗಿ ಆಂಡಿಸ್‌ನಿಂದ ಇಳಿಯುವ ರೀಮಾಕ್ ನದಿಯನ್ನು ನಂಬಿದೆ. ನಲ್ಲಿ ಸಂಪರ್ಕವಿಲ್ಲದ ಗುಡ್ಡದ ಬಡಾವಣೆಗಳ ಬಡವರು ಟ್ಯಾಂಕರ್ ನೀರಿಗೆ ಉಳ್ಳವರಿಗಿಂತ ಹಲವು ಪಟ್ಟು ಹೆಚ್ಚು ಬೆಲೆ ತೆರುತ್ತಾರೆ. ಕೆಲವೆಡೆ ಬಲೆ ಕಟ್ಟಿ ಮಂಜಿನಿಂದಲೇ ನೀರು ಹಿಡಿಯುವುದುಂಟು. ಹೇರಳ ಮಳೆಯ ಮಂಗಳೂರು ಕೂಡ ಇದರಿಂದ ಪೂರ್ತಿ ಮುಕ್ತವಲ್ಲ. 2019ರ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿ, ತುಂಬೆ ಅಣೆಕಟ್ಟೆಯ ಮಟ್ಟ ಕುಸಿದು, ನಗರದಲ್ಲಿ ನೀರಿನ ರೇಷನಿಂಗ್ ಜಾರಿಯಾಗಿತ್ತು.

ಪೆರುವಿನ ಮೀನುಗಾರರು ಕ್ರಿಸ್‌ಮಸ್ ವೇಳೆ ಕಡಲು ಬೆಚ್ಚಗಾಗುವುದನ್ನು ಕಂಡು ಇಟ್ಟ ಹೆಸರೇ ‘ಎಲ್ ನಿನೊ’. 2017ರ ಮಾರ್ಚ್‌ನಲ್ಲಿ ಪೆರು ಕರಾವಳಿಯ ಕಡಲು ಹೀಗೆ ಕಾದಾಗ ಬೆಟ್ಟಗಳಲ್ಲಿ ಸುರಿದ ಮಳೆಯಿಂದ ರೀಮಾಕ್ ಕೆಸರಾಗಿ ಹರಿಯಿತು. ಲಿಮಾದ ಬಹುಭಾಗಕ್ಕೆ ದಿನಗಟ್ಟಲೆ ಕುಡಿಯುವ ನೀರೇ ಇರಲಿಲ್ಲ. ಪೆಸಿಫಿಕ್ ಸಾಗರದ ವಿಸ್ತಾರವಾದ ಭಾಗವೇ ಕಾದ 2015ರಲ್ಲಿ ಭಾರತದ ಮುಂಗಾರು ಶೇ. 14ರಷ್ಟು ಕೊರತೆ ಕಂಡಿತು. ಪೆಸಿಫಿಕ್‌ನ ವಾಯುಭಾರದ ಏರಿಳಿತವನ್ನು ಗುರುತಿಸಿದ ಗಿಲ್ಬರ್ಟ್ ವಾಕರ್ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದವರು. ಅವರು ಹುಡುಕಹೊರಟಿದ್ದುದು ಮುಂಗಾರಿನ ಮುನ್ಸೂಚನೆಯನ್ನು.

ನಂಟು ಮಾತ್ರ ಗಣಿತದಷ್ಟು ಕರಾರುವಾಕ್ಕಲ್ಲ. ಪ್ರಬಲ ಎಲ್ ನಿನೊ ಇದ್ದ 1997ರಲ್ಲಿ ಮುಂಗಾರು ವಾಡಿಕೆಯಂತೆಯೇ ಸುರಿದಿತ್ತು. ಆದಕಾರಣ ಪ್ರತಿ ಏಪ್ರಿಲ್‌ನಲ್ಲಿ ಮೊದಲ ಮುನ್ಸೂಚನೆ ಪ್ರಕಟಿಸುವ ಹವಾಮಾನ ಇಲಾಖೆ ಪೆಸಿಫಿಕ್‌ನ ಜೊತೆಗೆ ಹಿಂದೂ ಮಹಾಸಾಗರದ ಉಷ್ಣಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.