ಎಡೆದೊರೆ ನಾಡಿನಲ್ಲಿ ಮತ್ಸ್ಯವಿನೋದ

ಗಾಳದಿಂದ ಮೀನು ಹಿಡಿಯುವುದನ್ನು ಒಂದು ಲಲಿತಕಲೆಯೆಂದು ಬಗೆದವರಲ್ಲಿ ಆಂಗ್ಲರು ಪ್ರಸಿದ್ಧರು. ಗರಿಗಳನ್ನೂ ನೂಲನ್ನೂ ಗಾಳಕ್ಕೆ ಸುತ್ತಿ, ಹುಸಿನೊಣವೊಂದನ್ನು ಮಾಡಿ, ಅದನ್ನು ಬೆಟ್ಟದ ಹೊಳೆಯ ಮೇಲೆ ಹಗುರವಾಗಿ ಇಳಿಸಿ ಟ್ರೌಟ್ ಸಾಲ್ಮನ್ ಮೀನುಗಳನ್ನು ಮರುಳುಗೊಳಿಸುವುದು ಅವರ ಅಚ್ಚುಮೆಚ್ಚಿನ ವಿನೋದ. 1653ರಲ್ಲಿ ಪ್ರಕಟವಾದ ಐಸಾಕ್ ವಾಲ್ಟನ್ನನ ಗ್ರಂಥವನ್ನು ನಮ್ಮ ಕಾಲೇಜುಗಳಲ್ಲಿ ಓದಿದವರು ಹಲವರು. ನಾನೂ ಅವರಲ್ಲೊಬ್ಬ. ಆದರೆ ಅದೇ ವಿಷಯವನ್ನು ಕುರಿತು ಕನ್ನಡ ನಾಡಿನ ದೊರೆಯೊಬ್ಬನು ವಾಲ್ಟನ್ನನಿಗಿಂತ ಐದು ನೂರು ವರ್ಷಗಳ ಹಿಂದೆಯೇ ಬರೆದಿದ್ದನೆಂಬುದನ್ನು ನಾನು ಅರಿತದ್ದು ಬಹಳ ತಡವಾಗಿ. ಈ ನಾಚಿಕೆಯೇ ಇಂದಿನ ಭಾಷಣಕ್ಕೆ ಕಾರಣ.

ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರು ಊರುಗಳಿರುವ ಪ್ರದೇಶವನ್ನು ಪೂರ್ವಿಕರು ಎಡೆದೊರೆ ನಾಡೆಂದು ಕರೆದರು. ತೊರೆಗಳ ನಡುವಣ ನಾಡೆಂದರ್ಥ. ಲಿಂಗಸುಗೂರು ಸೀಮೆಯ ಬಡಗಣಕ್ಕೆ ಜಲದುರ್ಗದ ಕೋಟೆಯನ್ನು ಬಳಸಿ ಕೃಷ್ಣೆ ಹರಿಯುತ್ತಾಳೆ. ಸಿಂಧನೂರು ಸೀಮೆಯ ತೆಂಕಣಕ್ಕೆ ತುಂಗಭದ್ರೆ. ಟ್ರೌಟ್ ಮೀನಿಗೆ ಬೇಕಾದ ತಣ್ಣೀರು ಇಲ್ಲಿಲ್ಲ. ದಕ್ಷಿಣದಲ್ಲಿ ಅದನ್ನು ನೀಲಗಿರಿಯ ಎತ್ತರಕ್ಕೆ ಹೊರಗಿನಿಂದ ತಂದು ಬಿಡಬೇಕಾಯಿತು. ಆದರೆ ಮೀನಿನ ವಿಷಯದಲ್ಲಿ ಇಬ್ಬರು ಚಕ್ರವರ್ತಿಗಳ ಮಾತು ಈ ಬಿಸಿಲುನಾಡಿನೊಡನೆ ಬೆಸೆದುಕೊಂಡಿದೆ.

ಮೊದಲನೆಯವನು ಅಶೋಕ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರು ಮಸ್ಕಿಯ ಬಂಡೆಯೊಂದರ ಮೇಲೆ ಅವನ ಶಾಸನವನ್ನು ಕಂಡರು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಮೊದಲ ಬಾರಿಗೆ ದೊರೆತುದು ಅಲ್ಲಿಯೇ. ಮಸ್ಕಿಯ ಬಂಡೆಯಲ್ಲಿ ಮೀನಿನ ಮಾತಿಲ್ಲ. ಅದು ಉತ್ತರ ದೇಶದಲ್ಲಿರುವ ಅವನ ಐದನೆಯ ಸ್ತಂಭಶಾಸನದಲ್ಲಿದೆ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಹೊರಡಿಸಿದ ಆ ಆಜ್ಞೆಯಂತೆ, ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲೂ ತಿಷ್ಯದ ಹುಣ್ಣಿಮೆಯಲ್ಲೂ ಮುಮ್ಮೂರು ದಿನ, ಉಪವಾಸದ ದಿನಗಳಲ್ಲಿ ತಪ್ಪದೆ, ಮೀನನ್ನು ಕೊಲ್ಲಲೂ ಕೂಡದು, ಮಾರಲೂ ಕೂಡದು. ತನಗೆ ಹಿಂದಿನ ಅರಸರು ಬೇಟೆಯ ವಿಹಾರಯಾತ್ರೆಗೆ ಹೋಗುತ್ತಿದ್ದರೆಂದೂ ತಾನು ಧರ್ಮಯಾತ್ರೆಗೆ ಹೊರಟೆನೆಂದೂ ಅವನು ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಎರಡನೆಯವನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, ಭೂಲೋಕಮಲ್ಲನೆಂದೂ ಸರ್ವಜ್ಞನೆಂದೂ ಬಿರುದಾಂತನು. ಎಡೆದೊರೆ ನಾಡು ಅವನ ಆಳಿಕೆಗೆ ಒಳಪಟ್ಟಿತ್ತು. 1130ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ಯೆಂಬ ಹೆಸರೂ ಉಂಟು. ಐದು ವಿಂಶತಿಗಳ, ನೂರು ಅಧ್ಯಾಯಗಳ ಆ ಗ್ರಂಥದ ವಿನೋದ ಭಾಗದಲ್ಲಿ ಮತ್ಸ್ಯವಿನೋದಕ್ಕೇ ಒಂದು ಅಧ್ಯಾಯ ಮೀಸಲು. ಸುಮಾರು 35 ಬಗೆಯ ಮೀನುಗಳನ್ನು ಅಲ್ಲಿ ಹೆಸರಿಸಿದೆ. ಕಡಲಿನವು ಯಾವುವು, ಹೊಳೆಯವು ಯಾವುವು. ಶಲ್ಕವುಳ್ಳವು ಯಾವುವು, ಇಲ್ಲದವು ಯಾವುವು. ಯಾವುದಕ್ಕೆ ಎಂತಹ ತಿನಿಸು ಪ್ರಿಯ. ದಾರ ಹೇಗಿರಬೇಕು, ಕೋಲು ಹೇಗಿರಬೇಕು, ಗಾಳ ಹೇಗಿರಬೇಕು ಎಂಬುದೆಲ್ಲವೂ ಕ್ರಮವಾಗಿ ಬಂದಿದೆ. 1951ರಲ್ಲಿ ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ಈ ಅಧ್ಯಾಯವನ್ನು ಪರಿಶೀಲಿಸಿ ವಿದ್ವಾಂಸರ ಗಮನಕ್ಕೆ ತಂದರು.

ಹೆಮ್ಮೆಯ ಭರದಲ್ಲಿ ಅತಿಶಯೋಕ್ತಿ ಸಲ್ಲದು. ಗಾಳವನ್ನು ಸೋಮೇಶ್ವರನು ಕಂಡುಹಿಡಿಯಲಿಲ್ಲ. ಮ್ಯಾಸಿಡೋನಿಯದವರು ಕೆಂಪು ಉಣ್ಣೆ ಸುತ್ತಿದ ಗಾಳದಿಂದ ಮೀನು ಹಿಡಿಯುತ್ತಿದ್ದುದನ್ನು ಈಲಿಯನ್ ಎಂಬ ರೋಮನ್ ಲೇಖಕನು ಅವನಿಗಿಂತ ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಆದರೆ ಇಂಗ್ಲೆಂಡಿನಲ್ಲಿ ಗಾಳದ ಕಲೆಯನ್ನು ಕುರಿತ ಮೊದಲ ಪ್ರಬಂಧವು ಅಚ್ಚಾದುದು 1496ರಲ್ಲಿ. ಅದಕ್ಕೂ ಮೂರೂವರೆ ಶತಮಾನಕ್ಕೆ ಮೇಲ್ಪಟ್ಟು ಹಿಂದೆಯೇ ನಮ್ಮ ದೊರೆಯು ಈ ವಿದ್ಯೆಯನ್ನು ಶಾಸ್ತ್ರವಾಗಿ ನಿರೂಪಿಸಿದನು.

ಇಬ್ಬರನ್ನೂ ಎದುರುಬದುರಾಗಿ ನಿಲ್ಲಿಸಿ, ಒಬ್ಬನು ಕರುಣಾಳು, ಇನ್ನೊಬ್ಬನು ವಿಲಾಸಿ ಎಂದು ತೀರ್ಪುಕೊಡುವುದು ಸುಲಭ. ಆದರೆ ಇಬ್ಬರ ನಡುವೆಯೂ ಮೂರನೆಯವನೊಬ್ಬನಿದ್ದಾನೆ, ಅವನು ಬೆಸ್ತ. ಹುಣ್ಣಿಮೆಯ ದಿನ ಮೀನು ಮಾರಬಾರದೆಂದಾಗ ಬರಿದಾದುದು ಅರಸನ ತಟ್ಟೆಯಲ್ಲ, ಅವನ ಬುಟ್ಟಿ. ಮತ್ತೆ, ಸೋಮೇಶ್ವರನಿಗೆ 35 ಮೀನುಗಳ ಹೆಸರನ್ನೂ ಹಸಿವನ್ನೂ ತಿಳಿಸಿಕೊಟ್ಟವರು ಯಾರು? ಅರಮನೆಯ ಪಂಡಿತರಿಗಿಂತ ಹೊಳೆಯ ದಡದ ಜನರೇ ಇರಬೇಕೆಂದು ನನ್ನ ಊಹೆ. ಅವರ ಹೆಸರು ಶಾಸನದಲ್ಲೂ ಇಲ್ಲ, ಶಾಸ್ತ್ರದಲ್ಲೂ ಇಲ್ಲ.

ಆದರೂ ಇಬ್ಬರು ಅರಸರೂ ಒಂದು ವಿಷಯದಲ್ಲಿ ಒಂದಾಗುತ್ತಾರೆ. ಮೀನು ಲೆಕ್ಕಕ್ಕೆ ಬಾರದ ಜಂತುವಲ್ಲವೆಂಬುದು ಇಬ್ಬರ ಮಾತಿನಲ್ಲೂ ಅಡಗಿದೆ. ಒಬ್ಬನು ಅದಕ್ಕೆ ಬಿಡುವಿನ ದಿನಗಳನ್ನು ಕೊಟ್ಟನು. ಇನ್ನೊಬ್ಬನು ಅದರ ಸ್ವಭಾವವನ್ನು ಅರಿಯುವ ಶ್ರಮವನ್ನು ವಹಿಸಿದನು. ಮುಂದೆ 1873ರಲ್ಲಿ ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬುವರು ಭಾರತದ ಗಾಳವಿದ್ಯೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. 1946ರಲ್ಲಿ ಮೈಸೂರು ಸೀಮೆಯ ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರ್ ಮೀನು ಗಾಳಕ್ಕೆ ಸಿಕ್ಕಿತು. ಅದೇ ಕಾವೇರಿ ಹೊಳೆಗಳ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಎರೆಭೂಮಿಯಲ್ಲಿ ಭತ್ತ ತೆನೆಯಾಡಿತು. ಅನ್ನವಿತ್ತ ಆ ಗೋಡೆಯೇ, ಮೊಟ್ಟೆಯಿಡಲು ಹೊಳೆಯನ್ನೇರುವ ಮೀನಿಗೆ ಅಡ್ಡವಾಯಿತು.

ಅಣೆಕಟ್ಟನ್ನು ಹಳಿಯಲು ಈ ಮಾತನ್ನಾಡುತ್ತಿಲ್ಲ. ಮಸ್ಕಿಗೆ ಹೋದವರು ಬಂಡೆಯ ಅಕ್ಷರಗಳನ್ನು ನೋಡಿದ ಮೇಲೆ ತೆಂಕಣಕ್ಕೆ ನಡೆದು ತುಂಗಭದ್ರೆಯ ದಡದಲ್ಲಿಯೂ ಒಂದು ಗಳಿಗೆ ಕೂಡಲಿ. ಅಲ್ಲಿ ಬಲೆ ಬಿಡಿಸುತ್ತಿರುವವನನ್ನು ಮೀನುಗಳ ಹೆಸರು ಕೇಳಲಿ. ದೊರೆಯೊಬ್ಬನು ಬರೆದಿಡಲು ಯೋಗ್ಯವೆಂದು ಎಣಿಸಿದ ವಿದ್ಯೆಯಲ್ಲಿ ಎಷ್ಟು ಉಳಿದಿದೆ, ಎಷ್ಟು ನೀರಿನಲ್ಲಿ ಹೋಗಿದೆ ಎಂಬುದು ಅಷ್ಟರಿಂದಲೇ ತಿಳಿದೀತು.