ಸೈನಿಕ ಚೂರಿಯ ಪ್ರತಿಕೃತಿ

ಸೇನೆಯೊಂದು ತನ್ನ ಯೋಧರಿಗೆ ಕೊಟ್ಟ, ಮಡಚಲು ಬಾರದ ಚೂರಿಯ ಆಕಾರ, ಅಳತೆ, ಒರೆಗಳನ್ನು ಹಾಗೆಯೇ ಅನುಸರಿಸಿ, ಸೇನೆಗಲ್ಲದೆ ಪೇಟೆಗೆಂದು ತಯಾರಿಸಿದ ಚೂರಿ. ಹಳೆಯ ಆಯುಧ ಕೂಡಿಡುವವರು, ಯುದ್ಧದ ಮರುಪ್ರದರ್ಶನ ಮಾಡುವವರು, ನಾಟಕ ಸಿನಿಮಾದವರು, ಕಾಡು ಸುತ್ತುವವರು ಇದರ ಗಿರಾಕಿಗಳು. ಮೂಲ ಚೂರಿಗಳ ಬೆಲೆ ಕೈಗೆಟುಕದಷ್ಟು ಏರಿದಂತೆಲ್ಲ ಇದರ ವ್ಯಾಪಾರ ಕುದುರಿದೆ. ಆಸ್ಟ್ರೇಲಿಯದಲ್ಲಿ ಇದರ ಕಥೆಯನ್ನು ಹೇಳಲು ಎಪ್ಪಿಂಗ್ ಅನುಕೂಲವಾದ ಜಾಗ. ಆ ಹೆಸರಿನ ಬಡಾವಣೆಗಳು ಎರಡಿವೆ: ಒಂದು ಸಿಡ್ನಿಯ ವಾಯವ್ಯಕ್ಕೆ, ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಇನ್ನೊಂದು ಮೆಲ್ಬರ್ನ್‌ನ ಉತ್ತರಕ್ಕೆ, ವಿಕ್ಟೋರಿಯದಲ್ಲಿ. ಸಿಡ್ನಿಯ ಎಪ್ಪಿಂಗ್‌ಗೆ ಈ ಹೆಸರು ಬಂದದ್ದು 1899ರಲ್ಲಿ. ಅದಕ್ಕೂ ಮೊದಲು ಆ ಸೀಮೆಯನ್ನು ರೋಮನರ ಯುದ್ಧದೇವತೆಯ ಹೆಸರಿನಲ್ಲಿ ಫೀಲ್ಡ್ ಆಫ್ ಮಾರ್ಸ್ ಎನ್ನುತ್ತಿದ್ದರು. 1792ರಲ್ಲಿ ಗವರ್ನರ್ ಆರ್ಥರ್ ಫಿಲಿಪ್ ನೌಕಾಸೈನಿಕರಿಗೆ ಜಮೀನು ಹಂಚಿದ್ದು ಅಲ್ಲಿಯೇ. ಎರಡು ಊರಲ್ಲೂ ಅದೇ ಚೂರಿಯನ್ನು ಅದೇ ಬೆಲೆಗೆ ತರಿಸಬಹುದು. ತರಿಸಿದವನ ಗತಿ ಮಾತ್ರ ಎರಡು ಕಡೆ ಒಂದೇ ಆಗುವುದಿಲ್ಲ.

ಮೂಲ ಮಾದರಿಗಳು

ಪ್ರತಿಕೃತಿ ಎಂದರೆ ಇತ್ತೀಚಿನ ಅಗ್ಗದ ನಕಲು ಎಂಬ ಭಾವನೆ ಇದೆ. ಅದು ಪೂರ್ತಿ ಸರಿಯಲ್ಲ. 1827ರ ಸೆಪ್ಟೆಂಬರ್ 19ರಂದು ಅಮೆರಿಕದ ಮಿಸಿಸಿಪಿ ನದಿಯ ಮರಳದಿಣ್ಣೆಯೊಂದರ ಮೇಲೆ ನಡೆದ ಹೊಡೆದಾಟದಲ್ಲಿ ಜೇಮ್ಸ್ ಬೋವಿ ಬಳಸಿದ ದೊಡ್ಡ ಚೂರಿ ಮನೆಮಾತಾದ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಕಾರ್ಖಾನೆಗಳು ಬೋವಿ ಚೂರಿಗಳನ್ನು ಮಾಡಿ ಅಮೆರಿಕಕ್ಕೆ ಹಡಗು ಹತ್ತಿಸುತ್ತಿದ್ದವು. ಬೋವಿಯ ಕೈಯಲ್ಲಿದ್ದ ಚೂರಿ ನಿಜಕ್ಕೂ ಹೇಗಿತ್ತೆಂಬುದರ ಬಗ್ಗೆ ಇಂದಿಗೂ ಜಗಳವಿದೆ. ಅಂದರೆ ಅಸಲು ಯಾವುದೆಂದು ಇತ್ಯರ್ಥವಾಗುವ ಮೊದಲೇ ನಕಲು ಮಾರಾಟವಾಗಿ ಹೋಗಿತ್ತು!

ಸೇನೆಗಳು ಹೋರಾಟಕ್ಕೆಂದೇ ಚೂರಿಯನ್ನು ನಿಗದಿಮಾಡಿ ಕೊಟ್ಟದ್ದು ಮೊದಲ ಮಹಾಯುದ್ಧದ ಕಂದಕಗಳಲ್ಲಿ. ಬಂದೂಕಿನ ತುದಿಗೆ ಸಿಕ್ಕಿಸುವ ಉದ್ದನೆಯ ಬಯೊನೆಟ್ಟನ್ನು ಇಕ್ಕಟ್ಟಿನಲ್ಲಿ ತಿರುಗಿಸಲಾಗದ ಸೈನಿಕರು ಅದನ್ನೇ ತುಂಡರಿಸಿ, ಸಾಣೆ ಹಿಡಿದು ಚೂರಿ ಮಾಡಿಕೊಂಡರು. ಅಮೆರಿಕದ 1918ರ ಮಾದರಿಗೆ ಹಿತ್ತಾಳೆಯ ಹಿಡಿ, ಹಿಡಿಯಲ್ಲೇ ಬೆರಳು ತೂರಿಸಿ ಗುದ್ದಲು ನಾಲ್ಕು ಉಂಗುರ. ಈ ಉಂಗುರಗಳೇ ಮುಂದೆ ಕಾನೂನಿನ ಕಣ್ಣಿಗೆ ಬಿದ್ದವು.

ಎರಡನೇ ಮಹಾಯುದ್ಧದ ಎರಡು ಚೂರಿಗಳು ಇಂದಿನ ಪ್ರತಿಕೃತಿ ಪೇಟೆಯ ದೊಡ್ಡ ಭಾಗವನ್ನು ಆಳುತ್ತವೆ. ಮೊದಲನೆಯದು ಫೇರ್‌ಬೇರ್ನ್–ಸೈಕ್ಸ್. ಶಾಂಘೈ ಪೊಲೀಸಿನಲ್ಲಿ ಕೆಲಸ ಮಾಡಿ ಬಂದ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್ 1940ರ ನವೆಂಬರಿನಲ್ಲಿ ವಿಲ್ಕಿನ್ಸನ್ ಸೋರ್ಡ್ ಕಂಪನಿಯವರೊಂದಿಗೆ ಕೂತು ಇದರ ರೂಪ ಗೊತ್ತುಮಾಡಿದರು. ಮುಂದಿನ ಜನವರಿಯಲ್ಲಿ ಮೊದಲ ಕಂತು ಹೊರಬಂತು. ಸಪೂರವಾದ, ಎರಡೂ ಕಡೆ ಬಾಯಿಯುಳ್ಳ, ಚುಚ್ಚಲೆಂದೇ ಹುಟ್ಟಿದ ಬಾಕು ಇದು. ಸೌದೆ ಸೀಳಲಾಗಲಿ ಡಬ್ಬಿ ತೆರೆಯಲಾಗಲಿ ಬಾರದು. ಹಾಗೆ ಬಳಸಲು ಹೋದರೆ ಮೊನೆ ಮುರಿಯುತ್ತದೆ. ಎರಡನೆಯದು ಅಮೆರಿಕದ ಮರೀನ್ ಪಡೆ 1942ರ ನವೆಂಬರಿನಲ್ಲಿ ಒಪ್ಪಿಕೊಂಡ, ಕಾ-ಬಾರ್ ಎಂದು ಹೆಸರಾದ ಚೂರಿ. ಏಳು ಅಂಗುಲದ ಅಲಗು, ಒಂದೇ ಬಾಯಿ, ತೊಗಲಿನ ಬಿಲ್ಲೆಗಳನ್ನು ಒತ್ತಿ ಪೋಣಿಸಿದ ಹಿಡಿ. ಇದು ಕಾದಾಟಕ್ಕೆ ಎಷ್ಟೋ, ಪೆಟ್ಟಿಗೆ ಒಡೆಯಲು, ಗುಂಡಿ ತೋಡಲು, ಟೆಂಟಿನ ಗೂಟ ಕೆತ್ತಲು ಅಷ್ಟೇ ಒದಗಿತು.

ಕಾ-ಬಾರ್ ಎಂಬುದು ಯೂನಿಯನ್ ಕಟ್ಲರಿ ಕಂಪನಿಯ ಗುರುತು. ಆದರೆ ಅದೇ ಚೂರಿಯನ್ನು ಕಮಿಲಸ್ ಮೊದಲಾದ ಬೇರೆ ಕಂಪನಿಗಳೂ ಸರಕಾರದ ಒಂದೇ ನಕಾಶೆ ಇಟ್ಟುಕೊಂಡು ತಯಾರಿಸಿದವು; ಮರೀನ್ ಪಡೆಗೆ ಮೊದಲು ಸರಬರಾಜು ಮಾಡಿದ್ದೂ ಕಮಿಲಸ್ಸೇ. ಆದರೂ ಸೈನಿಕರ ಬಾಯಲ್ಲಿ ಎಲ್ಲವೂ ಕಾ-ಬಾರ್ ಆದವು. ಯುದ್ಧ ಮುಗಿದ ದಶಕಗಳ ನಂತರ, 1970ರ ದಶಕದಲ್ಲಿ, ಕಾ-ಬಾರ್ ಕಂಪನಿ ತನ್ನದೇ ಹಳೆಯ ಚೂರಿಯನ್ನು ಮತ್ತೆ ಮಾಡಿ ಮಾರತೊಡಗಿತು. ಅದನ್ನು ಪ್ರತಿಕೃತಿ ಎನ್ನಬೇಕೋ ಅಸಲಿನ ಮುಂದುವರಿಕೆ ಎನ್ನಬೇಕೋ? ಗುತ್ತಿಗೆಗೆ ಮಾಡಿಸಿದ ವಸ್ತುವಿಗೆ ಏಕಮಾತ್ರ ಅಸಲು ಇರುವುದಿಲ್ಲ. ಸೇನೆಗೆ ಹೋಯಿತೇ, ಪೇಟೆಗೆ ಬಂತೇ ಎಂಬುದೊಂದೇ ನಿಜವಾದ ವ್ಯತ್ಯಾಸ.

ಆಸ್ಟ್ರೇಲಿಯದ್ದೇ ಆದವು

ಸಿಡ್ನಿಯ ಪಶ್ಚಿಮಕ್ಕೆ ಬ್ಲೂ ಮೌಂಟನ್ಸ್ ದಾಟಿದರೆ ಸಿಗುವ ಲಿಥ್ಗೋ ಪಟ್ಟಣದಲ್ಲಿ 1912ರಲ್ಲಿ ಸರಕಾರಿ ಸಣ್ಣ ಶಸ್ತ್ರಾಸ್ತ್ರ ಕಾರ್ಖಾನೆ ತೆರೆಯಿತು. ಬ್ರಿಟಿಷ್ ರೈಫಲ್ಲಿನ ಜೊತೆಗೆ 1907ರ ಮಾದರಿಯ ಬಯೊನೆಟ್ಟೂ ಅಲ್ಲಿ ತಯಾರಾಯಿತು. ಅಲಗೇ 17 ಅಂಗುಲ. 1917ರ ಅಕ್ಟೋಬರ್ 31ರಂದು ಪ್ಯಾಲೆಸ್ಟೈನಿನ ಬೀರ್‌ಶೆಬಾದಲ್ಲಿ ಆಸ್ಟ್ರೇಲಿಯದ ಲೈಟ್ ಹಾರ್ಸ್ ಸವಾರರು ಕತ್ತಿಯಿಲ್ಲದ ಕಾರಣ ಬಯೊನೆಟ್ಟನ್ನೇ ಕೈಯಲ್ಲಿ ಹಿಡಿದು ಕುದುರೆ ಓಡಿಸಿದರು. ಅದೇ ಪ್ಯಾಲೆಸ್ಟೈನ್ ರಂಗದಲ್ಲಿ ಮುಂದಿನ ವರ್ಷ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದರು. ಬೀರ್‌ಶೆಬಾದ ಕಥೆ ಆಸ್ಟ್ರೇಲಿಯದ ಮಕ್ಕಳಿಗೆಲ್ಲ ಗೊತ್ತು. ಹೈಫಾದ ಕಥೆಯನ್ನು ಮೈಸೂರಿನವರಿಗೂ ನೆನಪಿಸಬೇಕಾಗಿದೆ.

ಈ ಬಯೊನೆಟ್ಟಿನ ಪ್ರತಿಕೃತಿಗೆ ಇಂದು ಮರುಪ್ರದರ್ಶನದವರಿಂದ ಬೇಡಿಕೆಯಿದೆ. ಕೊಳ್ಳುವವರು ಮೋಸಹೋಗುವ ಜಾಗವೂ ಇಲ್ಲೇ. ಹಿಡಿಯ ಪಕ್ಕದಲ್ಲಿ ಅಲಗಿನ ಮೇಲೆ ಕಿರೀಟದ ಕೆಳಗೆ 1907 ಎಂದು ಒತ್ತಿರುವುದು ಮಾದರಿಯ ವರ್ಷ, ತಯಾರಿಯ ವರ್ಷವಲ್ಲ. ತಯಾರಾದ ತಿಂಗಳು, ವರ್ಷ ಬೇರೆಯಾಗಿ ಇರುತ್ತವೆ. ಎರಡನೇ ಯುದ್ಧದ ಕಾಲದಲ್ಲಿ ಲಿಥ್ಗೋದವಕ್ಕೆ ಎಂಎ, ಆರೆಂಜ್ ಊರಿನ ಕಾರ್ಖಾನೆಯವಕ್ಕೆ ಓಎ ಎಂಬ ಮುದ್ರೆ. ಮರದ ಹಿಡಿಯ ಮೇಲೆ ಸ್ಲ್ಯಾಜ್ ಎಂದು ಕಂಡರೆ ಬೆಚ್ಚಬೇಕಿಲ್ಲ. ಟೆನಿಸ್ ರ‍್ಯಾಕೆಟ್ ಮಾಡುತ್ತಿದ್ದ ಸ್ಲ್ಯಾಜೆಂಜರ್ ಕಂಪನಿ ಆಗ ಬಯೊನೆಟ್ಟಿಗೆ ಹಿಡಿ ಕೆತ್ತುತ್ತಿತ್ತು.

ಎರಡನೇ ಯುದ್ಧದಲ್ಲಿ ಆಸ್ಟ್ರೇಲಿಯದ ಸೈನಿಕರು ಕಾದಿದ ನ್ಯೂಗಿನಿಯ ಕಾಡಿನಲ್ಲಿ 17 ಅಂಗುಲ ಬಳ್ಳಿಗೆ ಸಿಕ್ಕಿಕೊಳ್ಳುವ ಉದ್ದ. 1944ರಲ್ಲಿ ಓವನ್ ಎಂಬ ಬಂದೂಕಿಗೆಂದು ಅದನ್ನು 10 ಅಂಗುಲಕ್ಕೆ ಇಳಿಸಿದರು. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ಭಾರತೀಯ ಸೇನೆಗೂ ಹೀಗೆಯೇ ಮೊಟಕಾದ ಬಯೊನೆಟ್ಟುಗಳು ತಯಾರಾದವು. ಜೊತೆಗೆ ಮೆಲ್ಬರ್ನ್‌ನ ಗ್ರೆಗರಿ ಸ್ಟೀಲ್, ಅಡಿಲೇಡ್‌ನ ವಿಟಿಂಗ್ಸ್‌ಲೋ ಕಂಪನಿಗಳು ಸೇನೆಗೆ ಕಮಾಂಡೊ ಚೂರಿ, ಮಚ್ಚುಗಳನ್ನು ಮಾಡಿಕೊಟ್ಟವು. ಇವಕ್ಕೆ ಈಗ ಒಳ್ಳೆಯ ಬೆಲೆ ಬರುವುದರಿಂದ ಸುಳ್ಳು ಮುದ್ರೆ ಒತ್ತಿದವೂ ತಿರುಗಾಡುತ್ತವೆ.

ಅಗ್ಗದ ಸರಕು

ಯುದ್ಧಾನಂತರದ ಮೊದಲ ದಶಕಗಳಲ್ಲಿ ಪ್ರತಿಕೃತಿಯ ಅಗತ್ಯವೇ ಇರಲಿಲ್ಲ. ಸೇನೆಯಲ್ಲಿ ಮಿಕ್ಕ ಸರಕನ್ನು ವಿಲೇವಾರಿ ಮಾಡಲು ಆಸ್ಟ್ರೇಲಿಯ ಸರಕಾರ 1944ರಲ್ಲಿ ಒಂದು ಆಯೋಗವನ್ನೇ ಕೂರಿಸಿತ್ತು. ಆರ್ಮಿ ಡಿಸ್ಪೋಸಲ್ಸ್ ಎಂಬ ಹೆಸರಿನ ಅಂಗಡಿಗಳಲ್ಲಿ ಬೂಟು, ಕಂಬಳಿ, ನೀರಿನ ಬಾಟಲಿಗಳ ಪಕ್ಕದಲ್ಲಿ ಅಸಲು ಚೂರಿಗಳೇ ಸಿಗುತ್ತಿದ್ದವು. ಆ ದಾಸ್ತಾನು ಬರಿದಾದ ಮೇಲೂ ಅಂಗಡಿಯ ಹೆಸರು ಉಳಿಯಿತು, ಕಪಾಟನ್ನು ಹೊಸ ಸರಕು ತುಂಬಿತು.

ಅದರಲ್ಲಿ ಭಾರತದ ಪಾಲು ಸಣ್ಣದಲ್ಲ. ಡೆಹ್ರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ 1943ರಲ್ಲಿ ಗೂರ್ಖಾ ಸೈನಿಕರಿಗೆ ಖುಕ್ರಿ ಮಾಡಿಕೊಡುವ ಸಂಸ್ಥೆಯಾಗಿ ಶುರುವಾಗಿ, ಇಂದು ಅಮೆರಿಕದ ಅಟ್ಲಾಂಟಾ ಕಟ್ಲರಿ, ಮ್ಯೂಸಿಯಂ ರೆಪ್ಲಿಕಾಸ್ ಸಂಸ್ಥೆಗಳಿಗೂ ಒಡೆಯ. ಇದೇ ಅಟ್ಲಾಂಟಾ ಕಟ್ಲರಿ ಇನ್ನೊಂದು ಅಮೆರಿಕನ್ ಸಂಸ್ಥೆಯ ಜೊತೆ ಸೇರಿ 2003ರಲ್ಲಿ ನೇಪಾಳದ ಹಳೆಯ ಶಸ್ತ್ರಾಗಾರವನ್ನೇ ಕೊಂಡಿತು. ಧೂಳು ಹಿಡಿದ ಅಸಲು ಖುಕ್ರಿಗಳು ರಾಶಿರಾಶಿಯಾಗಿ ಪೇಟೆಗೆ ಬಂದವು. ಪ್ರತಿಕೃತಿಯನ್ನು ಮಾರುವವನೇ ಅಸಲನ್ನೂ ಮಾರುವ ವಿಚಿತ್ರ ಇದು. ಇನ್ನು ತೀರಾ ಅಗ್ಗದ ಚೂರಿಗಳು ಬಹುಪಾಲು ಬರುವುದು ಪಾಕಿಸ್ತಾನದ ವಜೀರಾಬಾದ್ ಮತ್ತು ಚೀನಾದ ಯಾಂಗ್‌ಜಿಯಾಂಗ್‌ನಂಥ ಚೂರಿಯ ಊರುಗಳಿಂದ.

ಅಗ್ಗದ್ದೆಲ್ಲ ಕೆಟ್ಟದ್ದಲ್ಲ. ಆದರೆ ಉಳಿತಾಯ ಎಲ್ಲಿ ನಡೆದಿದೆ ಎಂಬುದನ್ನು ಕೊಳ್ಳುವವನು ತಿಳಿದಿರಬೇಕು. ಕಾ-ಬಾರ್ ಮಾದರಿಯೊಂದನ್ನು ಕೈಗೆತ್ತಿಕೊಂಡರೆ ಮೊದಲು ನೋಡಬೇಕಾದ್ದು ಹಿಡಿಯ ತುದಿಯ ಗುಬ್ಬಿ. ಅಲಗಿನ ಉಕ್ಕು ಬಾಲದ ಹಾಗೆ ಸಪೂರವಾಗಿ ಹಿಡಿಯೊಳಗೆ ಹಾದುಹೋಗಿ ಗುಬ್ಬಿಗೆ ಸೇರಬೇಕು. ಒಳ್ಳೆಯದರಲ್ಲಿ ಅಡ್ಡಲಾಗಿ ಹೊಡೆದ ಮೊಳೆಯ ಗುರುತು ಕಾಣುತ್ತದೆ. ಅಗ್ಗದ್ದರಲ್ಲಿ ಉಕ್ಕಿನ ಬಾಲ ಅರ್ಧಕ್ಕೇ ನಿಂತು, ಮಿಕ್ಕಿದ್ದನ್ನು ತೆಳ್ಳನೆಯ ತಿರುಪುಸರಳು ಹಿಡಿದಿರುತ್ತದೆ. ಎರಡು ಕೊರಡು ಸೀಳುವಷ್ಟರಲ್ಲಿ ಹಿಡಿ ಲೊಡಲೊಡ ಎನ್ನುತ್ತದೆ. ತೊಗಲಿನ ಬಿಲ್ಲೆಗಳ ನಡುವೆ ಉಗುರು ತೂರಿದರೆ ಅವುಗಳನ್ನು ಬಿಗಿಯಾಗಿ ಒತ್ತಿಲ್ಲ ಎಂದರ್ಥ. ಕಾ-ಬಾರ್‌ನ ಉಕ್ಕಿನಲ್ಲಿ ಇಂಗಾಲ ಶೇಕಡ ಒಂದರ ಹತ್ತಿರ: ಬಾಯಿ ನಿಲ್ಲುತ್ತದೆ, ಎಣ್ಣೆ ಸವರದಿದ್ದರೆ ತುಕ್ಕೂ ಹಿಡಿಯುತ್ತದೆ. ಅಗ್ಗದವುಗಳಲ್ಲಿ ಸಾಮಾನ್ಯವಾಗಿರುವ 420 ಸ್ಟೇನ್‌ಲೆಸ್ ತುಕ್ಕು ಹಿಡಿಯುವುದು ಕಡಿಮೆ, ಬಾಯಿ ಮೊಂಡಾಗುವುದು ಬೇಗ. ಗೋಡೆಗೆ ತೂಗುಹಾಕಲು ಇದೇ ವಾಸಿ. ಅಲಗಿನ ಉದ್ದಕ್ಕೂ ಇರುವ ತೋಡು ರಕ್ತ ಹರಿಯಲು ಎಂದು ಅಂಗಡಿಯವನು ಹೇಳಿದರೆ ನಕ್ಕು ಸುಮ್ಮನಾಗಬಹುದು. ಅದು ಇರುವುದು ತೂಕ ಇಳಿಸಲು.

ಎರಡು ಎಪ್ಪಿಂಗ್, ಎರಡು ಕಾನೂನು

ಹೊರದೇಶದಿಂದ ತರಿಸುವಾಗ ಎರಡು ಎಪ್ಪಿಂಗಿನವರಿಗೂ ಒಕ್ಕೂಟ ಸರಕಾರದ ಆಮದು ನಿಯಮ ಒಂದೇ. ಮೈಮೇಲೆ ಬಚ್ಚಿಡಬಹುದಾದ, ಅಲಗಿನ ಎರಡೂ ಕಡೆ ಉದ್ದಕ್ಕೂ ಬಾಯಿಯುಳ್ಳ ಇಲ್ಲವೇ ಸೂಜಿಯಂತಿರುವ ಚುಚ್ಚುವ ಆಯುಧ ಬಾಕು ಎನಿಸುತ್ತದೆ, ಅನುಮತಿಯಿಲ್ಲದೆ ತರಿಸುವಂತಿಲ್ಲ. ಖಡ್ಗವನ್ನೂ ಬಯೊನೆಟ್ಟನ್ನೂ ಈ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಹೀಗಾಗಿ ಏಳು ಅಂಗುಲದ ಫೇರ್‌ಬೇರ್ನ್–ಸೈಕ್ಸ್ ನಕಲು ಈ ವ್ಯಾಖ್ಯೆಗೆ ಸಿಕ್ಕಿಬೀಳುತ್ತದೆ, 17 ಅಂಗುಲದ ಬಯೊನೆಟ್ ಪಾರಾಗುತ್ತದೆ. ಹರಿತ ಎಷ್ಟು, ಹಳತೆಷ್ಟು ಎಂದು ಕಾನೂನು ಕೇಳುವುದಿಲ್ಲ. ಅದು ನೋಡುವುದು ಆಕಾರವನ್ನು.

ಸಿಡ್ನಿಯ ಎಪ್ಪಿಂಗ್‌ಗೆ ಅನ್ವಯಿಸುವ 1998ರ ನಿಷೇಧಿತ ಆಯುಧಗಳ ಕಾಯಿದೆ ಒಂದೊಂದು ಬಗೆಯನ್ನು ಹೆಸರಿಟ್ಟು ಹೇಳುತ್ತದೆ. ಗುಂಡಿ ಒತ್ತಿದರೆ ಚಿಮ್ಮುವ ಚೂರಿ, ಬಟರ್‌ಫ್ಲೈ ಚೂರಿ, ಬೆರಳ ಗೆಣ್ಣಿಗೆ ತೊಡುವ ಹಿಡಿಯ ಕಂದಕದ ಚೂರಿ ಮುಂತಾದವು ಆ ಪಟ್ಟಿಯಲ್ಲಿವೆ. ಆದ್ದರಿಂದ 1918ರ ಅಮೆರಿಕನ್ ಮಾದರಿಯ ನಕಲು ಪರವಾನಗಿ ಇಲ್ಲದವರಿಗೆ ದಕ್ಕದು. ಸಾಧಾರಣ ಒಂದು ಬಾಯಿಯ ಚೂರಿಯನ್ನು ವಯಸ್ಕರು ಕೊಳ್ಳಬಹುದು, ಮನೆಯಲ್ಲಿಡಬಹುದು. ಸಕಾರಣವಿಲ್ಲದೆ ರೈಲಿನಲ್ಲಿ ಒಯ್ದರೆ ಅಪರಾಧ; ಆತ್ಮರಕ್ಷಣೆಗೆ ಎಂಬುದು ಕಾರಣವಾಗದು ಎಂದು ಕಾನೂನೇ ಹೇಳಿದೆ. ಇದರ ಗರಿಷ್ಠ ಶಿಕ್ಷೆಯನ್ನು 2023ರಲ್ಲಿ ಎರಡರಿಂದ ನಾಲ್ಕು ವರ್ಷಕ್ಕೆ ಏರಿಸಿದರು. 2024ರ ಏಪ್ರಿಲ್ 13ರಂದು ಬಾಂಡಿ ಜಂಕ್ಷನ್‌ನ ಮಾಲ್‌ನಲ್ಲಿ ಒಬ್ಬನು ಚೂರಿಯಿಂದ ಆರು ಜನರನ್ನು ಕೊಂದ ಮೇಲೆ, ಅದೇ ವರ್ಷ, ಚೂರಿ ಕೊಳ್ಳಲು ಬೇಕಾದ ವಯಸ್ಸು 16ರಿಂದ 18 ಆಯಿತು.

ಮೆಲ್ಬರ್ನ್‌ನ ಎಪ್ಪಿಂಗ್‌ನಲ್ಲಿ 1990ರ ಆಯುಧ ನಿಯಂತ್ರಣ ಕಾಯಿದೆ. ಇಲ್ಲಿ ಎರಡು ಬಾಯಿಯ ಬಾಕುಗಳ ಇಡೀ ವರ್ಗವೇ ನಿಷಿದ್ಧ. 2004ರಿಂದ ಖಡ್ಗವೂ ಆ ಸಾಲಿಗೆ ಸೇರಿದೆ. ವಿನಾಯಿತಿ ಇಲ್ಲದೆ ಗೋಡೆಯ ಮೇಲೂ ಇಡುವಂತಿಲ್ಲ. ಉಳಿದ ಚೂರಿಗಳೂ ಬಯೊನೆಟ್ಟೂ ನಿಯಂತ್ರಿತ ಆಯುಧಗಳು. 2025ರ ಮೇ 25ರಂದು ಎಪ್ಪಿಂಗ್‌ಗೆ ದೂರವಲ್ಲದ ಪ್ರೆಸ್ಟನ್‌ನ ನಾರ್ಥ್‌ಲ್ಯಾಂಡ್ ಮಾಲ್‌ನಲ್ಲಿ ಯುವಕರ ಗುಂಪುಗಳು ಮಚ್ಚು ಹಿಡಿದು ಹೊಡೆದಾಡಿದವು. ಸರಕಾರ ಮೂರೇ ದಿನಗಳಲ್ಲಿ ಮಚ್ಚಿನ ಮಾರಾಟವನ್ನು ತಡೆಹಿಡಿಯಿತು. ಸೆಪ್ಟೆಂಬರ್ 1ರಿಂದ ಮಚ್ಚು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಅಡುಗೆಮನೆಯ ಚೂರಿ ಬಿಟ್ಟು, ಬಾಯಿ 20 ಸೆಂಟಿಮೀಟರಿಗಿಂತ ಉದ್ದವಿದ್ದರೆ ಮಚ್ಚು ಎಂಬುದು ಲೆಕ್ಕ. ನವೆಂಬರ್ 30ರ ತನಕ ಪೊಲೀಸ್ ಠಾಣೆಗಳ ಹೊರಗೆ ಪೆಟ್ಟಿಗೆ ಇಟ್ಟು, ಹಾಕಿದವರನ್ನು ಪ್ರಶ್ನಿಸುವುದಿಲ್ಲ ಎಂದರು. ಅಜ್ಜ ನ್ಯೂಗಿನಿಯಿಂದ ತಂದ ಮಚ್ಚಿನ ನಕಲನ್ನು ಪ್ರೀತಿಯಿಂದ ಕೊಂಡವರಿಗೂ ಕಾಯಿದೆ ಇದೇ.

ಜರ್ಮನ್ ಬಾಕುಗಳ ನಕಲಿಗೆ ಇನ್ನೊಂದು ತೊಡಕಿದೆ. ನಾಜಿ ಚಿಹ್ನೆಯ ಪ್ರದರ್ಶನವನ್ನು ಎರಡೂ ರಾಜ್ಯಗಳು 2022ರಲ್ಲಿ ಕಾನೂನು ಮಾಡಿ ನಿಷೇಧಿಸಿದವು. 2024ರ ಜನವರಿಯಿಂದ ಅಂಥ ವಸ್ತುಗಳ ವ್ಯಾಪಾರವೂ ದೇಶದಾದ್ಯಂತ ಅಪರಾಧ. ಹೊಸಿಲ ಮೇಲೆ ನಾವು ಬರೆಯುವ ಸ್ವಸ್ತಿಕಕ್ಕೆ ಇದು ತಗಲುವುದಿಲ್ಲ ಎಂದು ಕಾನೂನು ಬಿಡಿಸಿ ಹೇಳಿದೆ.

ಕನ್ನಡನಾಡಿನ ಮನೆಗಳಿಂದ ಎಪ್ಪಿಂಗ್‌ಗೆ ಬರಬಹುದಾದ ಚೂರಿಯೆಂದರೆ ಕೊಡವರ ಪೀಚೆಕತ್ತಿ. ಕುಪ್ಯ ಎಂಬ ನಿಲುವಂಗಿಯ ಮೇಲೆ ಬಿಗಿದ ಚೇಲೆ ಎಂಬ ನಡುಪಟ್ಟಿಗೆ ಮುಂದುಗಡೆ ಸಿಕ್ಕಿಸುವ, ಗಿಳಿಮೂತಿಯ ಹಿಡಿ, ಬೆಳ್ಳಿಯ ಒರೆ ಇರುವ ಚೂರಿ. ಅಗಲವಾದ ಅಲಗಿಗೆ ಬಾಯಿ ಒಂದೇ. ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ ನಿಯಮಗಳು ಚೂರಿಯನ್ನು ಅಳೆಯುವುದು 9 ಅಂಗುಲ ಉದ್ದ, 2 ಅಂಗುಲ ಅಗಲದಿಂದ; ಆಸ್ಟ್ರೇಲಿಯದ ಅಳತೆ ಬೇರೆ. ಸಿಖ್ಖರ ಕಿರ್ಪಾಣಿಗೆ ಎರಡೂ ರಾಜ್ಯಗಳಲ್ಲಿ ಅವಕಾಶವಿದೆ, ಪೀಚೆಕತ್ತಿಯ ಹೆಸರನ್ನು ಯಾವ ಕಾಯಿದೆಯೂ ಎತ್ತುವುದಿಲ್ಲ. ಮದುವೆಗೆಂದು ಮಡಿಕೇರಿಯಿಂದ ಒಯ್ಯುವವರು ಅದನ್ನು ಕೈಚೀಲದಲ್ಲಿಡದೆ ಸಾಮಾನಿನ ಪೆಟ್ಟಿಗೆಯಲ್ಲಿಟ್ಟು, ಇಳಿದ ಕೂಡಲೇ ಪ್ರಯಾಣಿಕರು ತುಂಬುವ ಆಗಮನದ ಚೀಟಿಯಲ್ಲಿ ಬರೆದು ಅಧಿಕಾರಿಗಳಿಗೆ ತೋರಿಸುವುದು ಒಳ್ಳೆಯದು. ಅಂಗಡಿಯಲ್ಲಿ ಕೊಳ್ಳುವವರು ದುಡ್ಡು ಎಣಿಸುವ ಮುಂಚೆ ಚೂರಿಗೆ ಬಾಯಿ ಒಂದೋ ಎರಡೋ ನೋಡಲಿ; ವಿಕ್ಟೋರಿಯದವರು ಜೊತೆಗೊಂದು ಅಳತೆಪಟ್ಟಿಯನ್ನೂ ಒಯ್ಯಲಿ.